ಎಕ್ಸ್‌ಟೆಂಡೆಡ್ ವಾರಂಟಿ ಬೇಕಾ ಬೇಡವಾ? ಮೊದಲು ಗೇರ್‌ಬಾಕ್ಸ್ ಯಾವುದು ಹೇಳಿ

ಪ್ರಶ್ನೆ: ಸರ್, ನಮ್ಮದು ಹಾಸನ. ಟರ್ಬೊ ಪೆಟ್ರೋಲ್, ಡಿಸಿಟಿ (ಡ್ಯುಯಲ್ ಕ್ಲಚ್) ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಕಾಂಪ್ಯಾಕ್ಟ್ ಎಸ್‌ಯುವಿ ಇದೆ. ಎರಡು ವರ್ಷ ಹತ್ತು ತಿಂಗಳಾಯಿತು, 33 ಸಾವಿರ ಕಿ.ಮೀ. ಓಡಿದೆ. ತಿಂಗಳಿಗೆರಡು ಸಲ ಬೆಂಗಳೂರು, ಆಗಾಗ ಶಿರಾಡಿ ಘಾಟಿ ಇಳಿದು ಮಂಗಳೂರು. ಕಂಪನಿ ವಾರಂಟಿ ಮೂರು ವರ್ಷಕ್ಕೆ ಮುಗಿಯುತ್ತದೆ. 4 ಮತ್ತು 5ನೇ ವರ್ಷಕ್ಕೆ ಸೇರಿ ಷೋರೂಮಿನವರು 32 ಸಾವಿರ ಕೇಳುತ್ತಿದ್ದಾರೆ. ಇನ್ಯಾರೋ ಫೋನ್ ಮಾಡಿ ಅದೇ ವಾರಂಟಿಯನ್ನು 15 ಸಾವಿರಕ್ಕೆ ಕೊಡುತ್ತೇವೆ ಅನ್ನುತ್ತಿದ್ದಾರೆ. ಅತ್ತ ನನ್ನ ತಂಗಿ ಮಾರುತಿಯ ಸಣ್ಣ ಕಾರು ಬುಕ್ ಮಾಡಿದ್ದಾಳೆ, ಮ್ಯಾನುವಲ್ ಗೇರು. ಅದರ ಕೊಟೇಶನ್‌ನಲ್ಲೂ ಎಕ್ಸ್‌ಟೆಂಡೆಡ್ ವಾರಂಟಿ ಸೇರಿಸಿ ಕೊಟ್ಟಿದ್ದಾರೆ. ಆಫೀಸಿನಲ್ಲಿ ಅರ್ಧ ಜನ ದುಡ್ಡು ದಂಡ ಅನ್ನುತ್ತಾರೆ, ಇನ್ನರ್ಧ ಜನ ಕಣ್ಣುಮುಚ್ಚಿ ತಗೊಳ್ಳಿ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಕಾರಿಗೆ ತಗೊಳ್ಳಿ. ಆದರೆ ಕಾರು ಕಂಪನಿಯದ್ದನ್ನೇ ತಗೊಳ್ಳಿ, ಮತ್ತೆ ದುಡ್ಡು ಕಟ್ಟುವ ಮುಂಚೆ ಒಂದು ವಿಷಯ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಅದು ಯಾವುದು ಅಂತ ಮುಂದೆ ಹೇಳುತ್ತೇನೆ. ತಂಗಿಯ ಕಾರಿಗೆ ಈಗ ಬೇಡ. ಫೋನ್ ಮಾಡಿದವರಿಗೆ ನಮಸ್ಕಾರ ಹೇಳಿ ಇಟ್ಟುಬಿಡಿ.

ನಿಮ್ಮ ಆಫೀಸಿನ ಎರಡೂ ಗುಂಪು ಹೇಳುತ್ತಿರುವುದು ಸರಿಯೇ, ಅವರವರ ಕಾರಿನ ಮಟ್ಟಿಗೆ. ದಂಡ ಅಂದವರದ್ದು ಬಹುಶಃ ಮ್ಯಾನುವಲ್ ಗೇರಿನ, ಟರ್ಬೊ ಇಲ್ಲದ ಸಾದಾ ಪೆಟ್ರೋಲ್ ಕಾರು ಇರಬೇಕು. ತಗೊಳ್ಳಿ ಅಂದವರಲ್ಲಿ ಒಬ್ಬರಾದರೂ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಬಿಲ್ಲು ನೋಡಿ ಬೆವರಿದವರು ಇರುತ್ತಾರೆ. ಎಕ್ಸ್‌ಟೆಂಡೆಡ್ ವಾರಂಟಿ ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳಿದರೆ ಯಾರಿಂದಲೂ ಸರಿಯಾದ ಉತ್ತರ ಸಿಗುವುದಿಲ್ಲ. ಗೇರ್‌ಬಾಕ್ಸ್ ಯಾವುದು, ವರ್ಷಕ್ಕೆ ಎಷ್ಟು ಓಡಿಸುತ್ತೀರಿ, ವಾರಂಟಿ ಮುಗಿದ ಮೇಲೆ ಕಾರನ್ನು ಎಲ್ಲಿ ಬಿಡುತ್ತೀರಿ, ಈ ಮೂರು ಗೊತ್ತಾದರೆ ಉತ್ತರ ತಾನಾಗಿಯೇ ಬರುತ್ತದೆ. ಉಳಿದಿದ್ದೆಲ್ಲ ಸೇಲ್ಸ್‌ನವರ ಮಾತು.

ಒಂದು ವಿಷಯ ಮೊದಲೇ ಒಪ್ಪಿಕೊಳ್ಳೋಣ. ಇದನ್ನು ಮಾರುವವರು ಲಾಭಕ್ಕೇ ಮಾರುತ್ತಾರೆ. ನೂರು ಜನರ ಹತ್ತಿರ ದುಡ್ಡು ತೆಗೆದುಕೊಂಡು, ಅದರಲ್ಲಿ ಸ್ವಲ್ಪ ಜನರ ಕಾರು ರಿಪೇರಿ ಮಾಡಿಕೊಟ್ಟು, ಷೋರೂಮಿಗೆ ಕಮಿಷನ್ ಕೊಟ್ಟು, ಮೇಲೆ ಇನ್ನಷ್ಟು ಉಳಿಸಿಕೊಳ್ಳುತ್ತಾರೆ. ಇದರಲ್ಲಿ ಮೋಸ ಏನಿಲ್ಲ, ಇನ್ಶೂರೆನ್ಸ್ ಕೂಡ ಹಾಗೆಯೇ ನಡೆಯುವುದು. ಆದರೆ ಅದರ ಅರ್ಥ ಇಷ್ಟು: ಸರಾಸರಿ ಗ್ರಾಹಕ ಇದರಲ್ಲಿ ದುಡ್ಡು ಉಳಿಸುವುದಿಲ್ಲ. ಹಾಗಾಗಿ ಸಣ್ಣಪುಟ್ಟ ಖರ್ಚಿಗೆ ಇದನ್ನು ಕೊಳ್ಳುವುದು ದಡ್ಡತನ. ಒಂದೇ ಏಟಿಗೆ ಲಕ್ಷ ದಾಟುವ ಖರ್ಚು ನಿಮ್ಮ ಕಾರಿನಲ್ಲಿ ಎಲ್ಲಾದರೂ ಕೂತಿದೆಯಾ ಅಂತ ನೋಡಬೇಕು. ಇದ್ದರೆ ಮಾತ್ರ ಮುಂದಿನ ಮಾತು.

ಲೆಕ್ಕ ಹಾಕೋಣ. ನಿಮ್ಮ ಡಿಸಿಟಿ ಗೇರ್‌ಬಾಕ್ಸಿನಲ್ಲಿ ದೊಡ್ಡ ತೊಂದರೆ ಬಂದು 2 ಲಕ್ಷ ಬಿಲ್ಲಾಯಿತು ಅಂತ ಇಟ್ಟುಕೊಳ್ಳಿ. ಭಾಗದ ಮೇಲೆ, ಮಾಡೆಲ್ ಮೇಲೆ ಹೆಚ್ಚುಕಡಿಮೆ ಆಗುತ್ತದೆ, ಆದರೆ ಇದು ಅಸಾಧ್ಯದ ಮೊತ್ತ ಅಲ್ಲ. ನೀವು ಕಟ್ಟುವುದು 32 ಸಾವಿರ. ಅಂದರೆ ನಿಮ್ಮಂಥ ನೂರು ಕಾರುಗಳಲ್ಲಿ ಹದಿನಾರಕ್ಕೆ ಆ ಎರಡು ವರ್ಷದಲ್ಲಿ ಅಂಥ ತೊಂದರೆ ಬಂದರೆ ಬರೀ ಲೆಕ್ಕದಲ್ಲಿ ಸರಿಹೋಗುತ್ತದೆ. ಅಷ್ಟು ಬರುವುದಿಲ್ಲ ಅನ್ನುವುದು ನನ್ನ ಅಂದಾಜು. ಆದರೂ ತಗೊಳ್ಳಿ ಅನ್ನುತ್ತಿದ್ದೇನೆ, ಯಾಕೆಂದರೆ ಗೇರ್‌ಬಾಕ್ಸ್ ಜೊತೆಗೆ ಟರ್ಬೊ ಇದೆ, ಎಸಿ ಕಂಪ್ರೆಸರ್ ಇದೆ, ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇದೆ, ಡ್ಯಾಶ್‌ಬೋರ್ಡ್ ಮೇಲೆ ಟಿವಿ ಥರದ ಆ ಸ್ಕ್ರೀನ್ ಇದೆ. ಇವೆಲ್ಲದರ ಅಪಾಯ ಸೇರಿಸಿ ನೋಡಿದರೆ ದರ ಅಷ್ಟೇನೂ ದುಬಾರಿ ಅಲ್ಲ. ಇನ್ನೊಂದು ಮಾತು. 32 ಸಾವಿರ ಹೋದರೆ ಬೇಜಾರಾಗುತ್ತದೆ ಅಷ್ಟೇ, 2 ಲಕ್ಷದ ಬಿಲ್ಲು ಬಂದರೆ ಮನೆಯ ಲೆಕ್ಕಾಚಾರವೇ ಬುಡಮೇಲಾಗುತ್ತದೆ. ಅಷ್ಟು ದುಡ್ಡು ನಿಮ್ಮ ಹತ್ತಿರ ಸುಮ್ನೆ ಬ್ಯಾಂಕಿನಲ್ಲಿ ಬಿದ್ದಿದ್ದರೆ, ಹೋದರೆ ಹೋಗಲಿ ಅನ್ನುವ ಮನಸ್ಸೂ ಇದ್ದರೆ, ವಾರಂಟಿ ಬೇಡ.

ಈಗ ತಂಗಿಯ ಕಾರನ್ನು ಇದೇ ತಕ್ಕಡಿಗೆ ಹಾಕಿ. ಮ್ಯಾನುವಲ್ ಗೇರು, ಸಾದಾ ಪೆಟ್ರೋಲ್ ಎಂಜಿನ್. ನಾಲ್ಕನೇ ಐದನೇ ವರ್ಷದಲ್ಲಿ ಬರಬಹುದಾದ ದೊಡ್ಡ ಖರ್ಚು ಅಂದರೆ ಎಸಿ ಕಂಪ್ರೆಸರೋ ಸ್ಟೀರಿಂಗ್ ಮೋಟರೋ, ಮೂವತ್ತು ಸಾವಿರದ ಆಸುಪಾಸು ಅಂದುಕೊಳ್ಳಿ. ವಾರಂಟಿಗೆ 14 ಸಾವಿರ ಕೇಳಿದರು ಅನ್ನಿ. ಇದು ಸರಿಹೋಗಬೇಕಾದರೆ ಹೆಚ್ಚುಕಡಿಮೆ ಎರಡು ಕಾರಿಗೆ ಒಂದು ಕೆಡಬೇಕು! ಅಂಥ ಕಾರಾಗಿದ್ದರೆ ಊರು ತುಂಬ ಅದೇ ಕಾರು ಯಾಕೆ ಓಡಾಡುತ್ತಿತ್ತು?

ನಿಮ್ಮ ಗೇರ್‌ಬಾಕ್ಸಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಿಮ್ಮ ವಾರಂಟಿಯ ಬೆಲೆಯೆಲ್ಲ ಅಲ್ಲೇ ಇರುವುದು. ಡಿಸಿಟಿಯಲ್ಲಿ ಎರಡು ಕ್ಲಚ್ ಇರುತ್ತವೆ. ಒಂದು 1, 3, 5ರಂಥ ಬೆಸ ಗೇರುಗಳಿಗೆ, ಇನ್ನೊಂದು 2, 4, 6ಕ್ಕೆ. ಒಂದರಲ್ಲಿ ಕಾರು ಓಡುತ್ತಿರುವಾಗಲೇ ಇನ್ನೊಂದು ಮುಂದಿನ ಗೇರು ಹಿಡಿದು ಕಾಯುತ್ತಿರುತ್ತದೆ, ಅದಕ್ಕೇ ಗೇರು ಬದಲಾಗಿದ್ದೇ ಗೊತ್ತಾಗುವುದಿಲ್ಲ. ಈ ಕ್ಲಚ್‌ಗಳನ್ನು ಒತ್ತುವುದು ಬಿಡುವುದು ನಿಮ್ಮ ಕಾಲಲ್ಲ, ಕಂಪ್ಯೂಟರ್ ಮತ್ತು ಅದು ಹೇಳಿದಂತೆ ಕೆಲಸ ಮಾಡುವ ಆಕ್ಚುಯೇಟರ್ ಅನ್ನುವ ಒಂದು ಯೂನಿಟ್. ಇದರಲ್ಲಿ ಡ್ರೈ ಕ್ಲಚ್ ಮತ್ತು ವೆಟ್ ಕ್ಲಚ್ ಅಂತ ಎರಡು ಬಗೆ. ವೆಟ್ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ, ಆ ಎಣ್ಣೆಯೇ ಅದನ್ನು ತಣ್ಣಗಿಡುತ್ತದೆ. ಡ್ರೈ ಕ್ಲಚ್‌ಗೆ ಗಾಳಿಯೇ ಗತಿ. ನಮ್ಮಲ್ಲಿ ಕಾಂಪ್ಯಾಕ್ಟ್ ಎಸ್‌ಯುವಿಗಳಲ್ಲಿ ಬರುವ 7 ಸ್ಪೀಡ್ ಡಿಸಿಟಿಗಳಲ್ಲಿ ಡ್ರೈ ಕ್ಲಚ್‌ನವು ಜಾಸ್ತಿ. ನಿಮ್ಮದು ಯಾವುದು ಅಂತ ಕೇಳಿ ತಿಳಿದುಕೊಳ್ಳಿ.

ಹೈವೇನಲ್ಲಿ ಇದಕ್ಕೆ ಏನೂ ಆಗುವುದಿಲ್ಲ. ಹಾಸನದಿಂದ ನೆಲಮಂಗಲದವರೆಗೆ ಅದಕ್ಕೆ ಹಬ್ಬ. ನೆಲಮಂಗಲ ದಾಟಿ ಗೊರಗುಂಟೆಪಾಳ್ಯದ ಕಡೆ ಬಂದಿರೋ, ಅಲ್ಲಿಂದ ಶುರು. ಬ್ರೇಕ್ ಸ್ವಲ್ಪ ಬಿಡುವುದು, ಕಾರು ನಾಲ್ಕಡಿ ತೆವಳುವುದು, ಮತ್ತೆ ಬ್ರೇಕ್. ಹೀಗೆ ತೆವಳುವಾಗ ಕ್ಲಚ್ ಪೂರ್ತಿ ಕಚ್ಚಿಕೊಂಡೂ ಇರುವುದಿಲ್ಲ, ಪೂರ್ತಿ ಬಿಟ್ಟೂ ಇರುವುದಿಲ್ಲ, ಉಜ್ಜುತ್ತಲೇ ಇರುತ್ತದೆ. ಬಿಸಿ ಏರುತ್ತದೆ. ಶಿರಾಡಿಯಲ್ಲೂ ಅಷ್ಟೇ, ಇಳಿಯುವಾಗ ಅಲ್ಲ, ವಾಪಸ್ ಬರುವಾಗ. ಗುಂಡ್ಯದಿಂದ ಮೇಲೆ ಹತ್ತುತ್ತಾ ಟ್ಯಾಂಕರ್ ಹಿಂದೆ ಸಿಕ್ಕಿಹಾಕಿಕೊಂಡು, ಏರಿನಲ್ಲಿ ಕಾರು ಹಿಂದೆ ಜಾರದಂತೆ ಬ್ರೇಕ್ ಬದಲು ಆಕ್ಸಿಲರೇಟರ್ ಮೇಲೆ ಕಾಲಿಟ್ಟು ನಿಲ್ಲಿಸಿಕೊಳ್ಳುವವರನ್ನು ನೋಡಿದ್ದೀರಲ್ಲ? ಡ್ರೈ ಕ್ಲಚ್ ಹಾಳಾಗಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಏರಿನಲ್ಲಿ ನಿಂತರೆ ಬ್ರೇಕ್ ಪೂರ್ತಿ ಒತ್ತಿ, ಬ್ರೇಕನ್ನು ತಾನೇ ಹಿಡಿದಿಡುವ ಆಟೊ ಹೋಲ್ಡ್ ಇದ್ದರೆ ಹಾಕಿ, ಮುಂದಿನ ಗಾಡಿ ಒಂದೆರಡು ಕಾರಿನಷ್ಟು ದೂರ ಹೋದ ಮೇಲೆ ಬಿಡಿ. ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ಹೊಡೆಯಲಿ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನೀವು ಬರೆಸಿಕೊಳ್ಳಬೇಕಾದ ವಿಷಯ ಇಲ್ಲೇ ಇದೆ. ವಾರಂಟಿ ಇರುವುದು ದೋಷಕ್ಕೆ, ಸವೆತಕ್ಕಲ್ಲ. ಬ್ರೇಕ್ ಪ್ಯಾಡ್, ವೈಪರ್, ಬಲ್ಬು, ಫಿಲ್ಟರ್, ಎಣ್ಣೆ, ಕ್ಲಚ್ ಪ್ಲೇಟ್ ಇವು ಸವೆಯುವ ವಸ್ತುಗಳು, ಇವನ್ನು ಯಾರೂ ಕೊಡುವುದಿಲ್ಲ. ಬ್ಯಾಟರಿ, ಟೈರುಗಳಿಗೆ ಅವುಗಳನ್ನು ತಯಾರಿಸಿದ ಕಂಪನಿಯದ್ದೇ ಬೇರೆ ವಾರಂಟಿ ಇರುತ್ತದೆ. ಮ್ಯಾನುವಲ್ ಕಾರಿನ ಕ್ಲಚ್ ಪ್ಲೇಟ್ ಸವೆದರೆ ನಮ್ಮ ಖರ್ಚು, ಅದರಲ್ಲಿ ತಕರಾರಿಲ್ಲ. ಆದರೆ ಡಿಸಿಟಿಯ ಕ್ಲಚ್ ಪ್ಯಾಕ್? ನಿಮ್ಮ ಕಾಲಿನ ಕೈವಾಡವೇ ಇಲ್ಲದ, ಕಂಪ್ಯೂಟರ್ ನಡೆಸುವ ಕ್ಲಚ್ ಅದು. ಅದು ಸವೆದರೂ ಸವೆತ ಅಂತಲೇ ಬರೆದು ಕೈತೊಳೆದುಕೊಳ್ಳುತ್ತಾರಾ, ಅಥವಾ ಗೇರ್‌ಬಾಕ್ಸಿನ ಭಾಗ ಅಂತ ಕೊಡುತ್ತಾರಾ? ಜಗಳ ಆಗುವುದೆಲ್ಲ ಇಲ್ಲೇ. ಷೋರೂಮಿನ ಹುಡುಗ ಬಾಯಲ್ಲಿ ಎಲ್ಲಾ ಕವರ್ ಆಗುತ್ತೆ ಸರ್ ಅಂತಾನೆ. ಪಾಪ, ಅವನಿಗೆ ತಿಂಗಳ ಟಾರ್ಗೆಟ್ ಇರುತ್ತದೆ, ಆರು ತಿಂಗಳಿಗೆ ಬೇರೆ ಷೋರೂಮಿನಲ್ಲಿರುತ್ತಾನೆ. ಹಾಗಾಗಿ ಕಂಪನಿಯ ಕಸ್ಟಮರ್ ಕೇರ್‌ಗೆ ಒಂದು ಇಮೇಲ್ ಹಾಕಿ: ನನ್ನ ಕಾರಿನ ಚಾಸಿ ನಂಬರ್ ಇದು, ಈ ಪ್ಲಾನಿನಲ್ಲಿ ಡಿಸಿಟಿಯ ಕ್ಲಚ್ ಪ್ಯಾಕ್, ಆಕ್ಚುಯೇಟರ್, ಗೇರ್‌ಬಾಕ್ಸ್ ಕಂಟ್ರೋಲ್ ಯೂನಿಟ್ ಮೂರೂ ಸೇರಿವೆಯಾ, ಇದಕ್ಕೆ ಮಿತಿ ಏನಾದರೂ ಇದೆಯಾ? ಉತ್ತರ ಬಂದ ಮೇಲೆ ದುಡ್ಡು ಕಟ್ಟಿ. ಮೂರೂ ಸೇರಿವೆ ಅಂದರೆ ಯೋಚನೆಯೇ ಬೇಡ. ಕ್ಲಚ್ ಪ್ಯಾಕ್ ಇಲ್ಲ, ಉಳಿದೆರಡು ಇವೆ ಅಂದರೂ ನಾನಾಗಿದ್ದರೆ ತಗೊಳ್ಳುತ್ತಿದ್ದೆ, ಸ್ವಲ್ಪ ಚೌಕಾಸಿ ಮಾಡಿ. ಮೂರೂ ಇಲ್ಲ ಅಂದರೆ ಬಿಟ್ಟುಬಿಡಿ, ಆಮೇಲೆ ಉಳಿಯುವುದು ಸ್ಕ್ರೀನು, ಕಂಪ್ರೆಸರ್ರು.

ಚೌಕಾಸಿ ಅಂದೆ. ಹೌದು, ಇದರಲ್ಲೂ ನಡೆಯುತ್ತದೆ. ಕಾರಿನ ಬೆಲೆಯಲ್ಲಿ ಬಿಡದವರು ವಾರಂಟಿಯಲ್ಲಿ ಬಿಡುತ್ತಾರೆ, ಇಲ್ಲದಿದ್ದರೆ ಒಂದು ವೀಲ್ ಅಲೈನ್‌ಮೆಂಟೋ ಎಸಿ ಸರ್ವಿಸೋ ಸೇರಿಸಿ ಕೊಡುತ್ತಾರೆ. ಮೊದಲು ಕೇಳಬೇಕಾದದ್ದು 32 ಸಾವಿರ ಅಂದರೆ ಜಿಎಸ್‌ಟಿ ಸೇರಿಯಾ ಅಂತ. ಶೇ 18 ಜಿಎಸ್‌ಟಿ ಬೇರೆ ಅಂದರೆ ಅದು 37,760 ಆಯಿತು. ಕಂಪನಿಯ ವೆಬ್‌ಸೈಟಿನಲ್ಲೋ ಆ್ಯಪಿನಲ್ಲೋ ನಿಮ್ಮ ಕಾರಿನ ನಂಬರ್ ಹಾಕಿ ದರ ನೋಡಿ, ಆಮೇಲೆ ಷೋರೂಮಿಗೆ ಹೋಗಿ. ಬೇರೆ ಊರಿನ ಡೀಲರ್ ಹತ್ತಿರ ಕೊಂಡರೂ ಕಂಪನಿಯ ವಾರಂಟಿ ಎಲ್ಲಾ ಕಡೆ ನಡೆಯುತ್ತದೆ.

ಕಿಲೋಮೀಟರ್ ಮಿತಿಯ ವಿಷಯ ನಿಮ್ಮ ಮಟ್ಟಿಗೆ ತಲೆಬಿಸಿ ಅಲ್ಲ. ವರ್ಷಕ್ಕೆ ಹನ್ನೆರಡು ಸಾವಿರದ ಒಳಗೆ ಓಡಿಸುತ್ತಿದ್ದೀರಿ, ಐದು ವರ್ಷಕ್ಕೆ 58 ಸಾವಿರ ಆಗುತ್ತದೆ. ಸಾಮಾನ್ಯವಾಗಿ ಪ್ಲಾನುಗಳ ಮಿತಿ ಇದಕ್ಕಿಂತ ಜಾಸ್ತಿಯೇ ಇರುತ್ತದೆ. ವರ್ಷಕ್ಕೆ ಮೂವತ್ತು ನಲವತ್ತು ಸಾವಿರ ಓಡಿಸುವವರು ಮಾತ್ರ ಇದನ್ನು ನೋಡಬೇಕು. ಐದು ವರ್ಷ ಅಂತ ದುಡ್ಡು ಕಟ್ಟಿ ಮೂರೂವರೆ ವರ್ಷಕ್ಕೇ ಕಿಲೋಮೀಟರ್ ಮುಗಿದರೆ ಕಥೆ ಅಲ್ಲಿಗೆ ಮುಗಿಯಿತು. ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸುವವರಿಗಂತೂ ಕ್ಲೇಮ್ ಸಿಗುವುದೇ ಇಲ್ಲ ಅಂದುಕೊಳ್ಳಬೇಕು.

ಕಡಿಮೆ ಓಡಿಸುವವರು ಬೀಳುವ ಹಳ್ಳ ಬೇರೆ. ಸರ್ವಿಸ್ ಬುಕ್ಕಿನಲ್ಲಿ 10 ಸಾವಿರ ಕಿ.ಮೀ. ಅಥವಾ 12 ತಿಂಗಳು, ಯಾವುದು ಮೊದಲೋ ಅದು ಅಂತ ಇರುತ್ತದೆ. ಕಾರು ಓಡಿಯೇ ಇಲ್ಲವಲ್ಲ, ಈಗ್ಯಾಕೆ ಆಯಿಲ್ ಬದಲಿಸಬೇಕು ಅಂತ ಹದಿನೈದು ತಿಂಗಳು ಬಿಟ್ಟಿರುತ್ತಾರೆ. ಆಮೇಲೆ ಟರ್ಬೊ ಹೋದಾಗ ಹಳೆಯ ಬಿಲ್ಲುಗಳನ್ನು ಸಾಲಾಗಿ ಇಟ್ಟು ನೋಡುವವರು ಮೊದಲು ತೋರಿಸುವುದೇ ಆ ಮೂರು ತಿಂಗಳ ಸಂದು. ಸ್ವಲ್ಪ ದಿನ ಹೆಚ್ಚುಕಡಿಮೆ ಆದರೆ ಬಿಡುತ್ತಾರೆ, ತಿಂಗಳುಗಟ್ಟಲೆ ಬಿಡುವುದಿಲ್ಲ. ನಿಮ್ಮ ಮೂರೂ ವರ್ಷದ ಸರ್ವಿಸ್ ಹೊತ್ತಿಗೆ ಸರಿಯಾಗಿ ಆಗಿದೆಯಾ ಅಂತ ಈಗಲೇ ನೋಡಿ. ನಡುವೆ ಒಂದು ತಪ್ಪಿಹೋಗಿದ್ದರೆ ವಾರಂಟಿ ಕೊಳ್ಳುವ ಮುಂಚೆಯೇ ಅದನ್ನು ಹೇಳಿ, ಆದರೂ ಕೊಡುತ್ತೀರಾ ಅಂತ ಅದೇ ಇಮೇಲಿನಲ್ಲಿ ಕೇಳಿಬಿಡಿ.

ನಾನು ವಾರಂಟಿ ಕ್ಲೇಮ್‌ಗಳನ್ನು ನೋಡುವ ಕೆಲಸದಲ್ಲಿದ್ದವನು. ಅಲ್ಲಿ ಮೇಲಿಂದ ಮೇಲೆ ಬರುವ ಒಂದು ಕೇಸ್ ಹೇಳುತ್ತೇನೆ. ವಾಟರ್ ಪಂಪ್ ಸೋರಲು ಶುರುವಾಗುತ್ತದೆ. ಪಂಪ್‌ಗೆ ವಾರಂಟಿ ಇದೆ, ಪ್ರಶ್ನೆಯೇ ಇಲ್ಲ. ಕೂಲಂಟ್ ಕಡಿಮೆಯಾಗಿ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಥರ್ಮಾಮೀಟರ್ ಗುರುತು ಹೊತ್ತಿಕೊಳ್ಳುತ್ತದೆ. ಇನ್ನು ಹತ್ತು ಕಿಲೋಮೀಟರ್ ತಾನೇ, ಊರು ಬಂತು ಅಂತ ಓಡಿಸುತ್ತಾರೆ. ಹೆಡ್ ಗ್ಯಾಸ್ಕೆಟ್ ಹೋಗಿ ಎಂಜಿನ್ ಸೀಜ್ ಆಗುತ್ತದೆ. ಈಗ ಏನಾಗುತ್ತದೆ ಗೊತ್ತಾ? ಪಂಪ್ ಪುಕ್ಕಟೆ, ಎಂಜಿನ್ ನಿಮ್ಮ ತಲೆಗೆ. ಎಚ್ಚರಿಕೆಯ ದೀಪ ಹೊತ್ತಿದ ಮೇಲೂ ಓಡಿಸಿದ್ದರಿಂದ ಆದ ಹಾನಿ ಅಂತ ಬರೆಯುತ್ತಾರೆ. ಸುಳ್ಳು ಹೇಳಲೂ ಆಗುವುದಿಲ್ಲ, ದೀಪ ಹೊತ್ತಿದ ಸುಳಿವು ಬಹಳಷ್ಟು ಸಲ ಕಾರಿನ ಕಂಪ್ಯೂಟರಿನಲ್ಲೇ ಉಳಿದಿರುತ್ತದೆ. ಆದ್ದರಿಂದ ಕೆಂಪು ದೀಪ ಬಂತೋ, ಅಲ್ಲೇ ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ, ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಫೋನ್ ಮಾಡಿ. ಕಾರು ಲಾರಿ ಮೇಲೆ ಬಂದರೆ ಮರ್ಯಾದೆ ಹೋಗುವುದಿಲ್ಲ.

ಇನ್ನು ಆಕ್ಸೆಸರಿ. ಹೊರಗಿನ ಅಂಗಡಿಯಲ್ಲಿ ಜಾಸ್ತಿ ಬೆಳಕಿನ ದೀಪವೋ ದೊಡ್ಡ ಆಂಡ್ರಾಯ್ಡ್ ಸ್ಕ್ರೀನೋ ಹಾಕಿಸುವಾಗ ಒಳಗಿನ ವೈರ್ ಕತ್ತರಿಸಿ, ಗಂಟು ಹಾಕಿ, ಟೇಪ್ ಸುತ್ತುತ್ತಾರೆ. ಎಲೆಕ್ಟ್ರಿಕಲ್ ಕ್ಲೇಮ್ ತಿರಸ್ಕರಿಸಲು ಅಂಥ ಒಂದು ಟೇಪ್ ಸುತ್ತಿದ ವೈರ್ ಸಾಕು. ಹಾಕಿಸಲೇಬೇಕು ಅಂದರೆ ವೈರ್ ಕತ್ತರಿಸದೆ ಕಪ್ಲರ್‌ಗೆ ಕಪ್ಲರ್ (ಸಿಕ್ಕಿಸುವ ಪ್ಲಗ್) ಕೂರುವಂಥದ್ದನ್ನು ಹಾಕಿಸಿ. ಹೊರಗೆ ಸಿಎನ್‌ಜಿ ಕಿಟ್ ಹಾಕಿಸುವ ಯೋಚನೆ ಇದ್ದರಂತೂ ವಾರಂಟಿಗೆ ಒಂದು ರೂಪಾಯಿ ಕೂಡ ಕೊಡಬೇಡಿ.

ಜನ ವಾರಂಟಿಯನ್ನೂ ಇನ್ಶೂರೆನ್ಸನ್ನೂ ಕಲಸಿಬಿಡುತ್ತಾರೆ. ಇಲಿ ವೈರ್ ಕಡಿದರೆ ವಾರಂಟಿ ಬರುವುದಿಲ್ಲ. ಡಿಕ್ಕಿಯಾದರೆ ಬರುವುದಿಲ್ಲ. ಎಂಜಿನ್ನಿಗೆ ನೀರು ಹೊಕ್ಕರೆ ಬರುವುದೇ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಔಟರ್ ರಿಂಗ್ ರೋಡ್ ಕಡೆ ನೀರು ನುಗ್ಗಿದಾಗ ಬೇಸ್‌ಮೆಂಟುಗಳಲ್ಲಿ ಎಷ್ಟು ಕಾರು ಮುಳುಗಿದವು ಅಂತ ಟಿವಿಯಲ್ಲಿ ನೋಡಿದ್ದೀರಿ. ಹಾಗೆ ನೀರು ಹೊಕ್ಕ ಕಾರನ್ನು ಸ್ಟಾರ್ಟ್ ಮಾಡಿ ಎಂಜಿನ್ ಒಡೆದರೆ ಕೈಹಿಡಿಯುವುದು ಇನ್ಶೂರೆನ್ಸಿನ ಎಂಜಿನ್ ಪ್ರೊಟೆಕ್ಷನ್ ಆ್ಯಡ್ ಆನ್ ಒಂದೇ. ಅದರ ದರ ವಾರಂಟಿಯ ಮುಂದೆ ಏನೂ ಅಲ್ಲ. ನೀವು ತಿಂಗಳಿಗೆರಡು ಸಲ ಬೆಂಗಳೂರಿಗೆ ಹೋಗುವವರು, ಈ ಸಲ ಪಾಲಿಸಿ ರಿನ್ಯೂ ಮಾಡುವಾಗ ಅದು ಇದೆಯಾ ನೋಡಿಕೊಳ್ಳಿ. ಇಲಿ ಕಡಿತಕ್ಕೆ ಏನು ನಿಯಮ ಅಂತಲೂ ಅಲ್ಲೇ ಕೇಳಿ, ಒಂದೊಂದು ಪಾಲಿಸಿಯಲ್ಲಿ ಒಂದೊಂದು ಥರ.

ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಖರ್ಚಿದೆ. ಎಕ್ಸ್‌ಟೆಂಡೆಡ್ ವಾರಂಟಿ ತಗೊಂಡಿರಿ ಅಂದರೆ ಆ ಎರಡು ವರ್ಷ ನೀವು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೇ ಕಟ್ಟುಬಿದ್ದಿರಿ. ಹೊರಗೆ ಒಳ್ಳೆಯ ಮೆಕ್ಯಾನಿಕ್ ಐದಾರು ಸಾವಿರಕ್ಕೆ ಮಾಡುವ ಸರ್ವಿಸ್‌ಗೆ ಅಲ್ಲಿ ಹತ್ತು ಸಾವಿರ ಬಿಲ್ಲು ಬರುತ್ತದೆ, ಮೇಲೆ ಎಂಜಿನ್ ಡ್ರೆಸಿಂಗ್, ಥ್ರಾಟಲ್ ಕ್ಲೀನಿಂಗ್, ಎಸಿ ಡಿಸಿನ್ಫೆಕ್ಷನ್ ಅಂತ ಏನೇನೋ. ಎರಡು ವರ್ಷಕ್ಕೆ ಇದೇ ಹತ್ತು ಸಾವಿರ ಹೆಚ್ಚಾಗಬಹುದು. ಹೀಗೆ ಕಟ್ಟಿಹಾಕುವುದು ಸರಿಯಾ ಅನ್ನುವ ಪ್ರಶ್ನೆ ಹಳೆಯದು. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಅಸಲಿ ಬಿಡಿಭಾಗಗಳು, ರಿಪೇರಿಗೆ ಬೇಕಾದ ಮಾಹಿತಿ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಾರೆ ಅನ್ನುವುದು ಆರೋಪ. ಹೊರಗೆ ಕೈ ಹಾಕಿಸಿದರೆ ವಾರಂಟಿ ರದ್ದು ಅನ್ನುವ ಷರತ್ತೂ ಅಲ್ಲಿ ಚರ್ಚೆಗೆ ಬಂದಿತ್ತು. ಕಂಪನಿಗಳು ಮೇಲ್ಮನವಿ ಹೋದವು. ಕಾನೂನಿನ ಮಾತು ಏನೇ ಇರಲಿ, ಕ್ಲೇಮ್ ಕೇಳಲು ಹೋದ ದಿನ ಕೌಂಟರಿನಲ್ಲಿ ಕೇಳುವುದು ಅಧಿಕೃತ ಸರ್ವಿಸಿನ ಬಿಲ್ಲನ್ನೇ.

ನಿಮಗೆ ಈ ಖರ್ಚು ಅಷ್ಟಾಗಿ ತಟ್ಟುವುದಿಲ್ಲ. ಡಿಸಿಟಿ ಬಿಚ್ಚಿ ಕೂರಿಸಲು ಬೇಕಾದ ಟೂಲು, ಸಾಫ್ಟ್‌ವೇರ್ ಇಟ್ಟುಕೊಂಡ ಹೊರಗಿನ ಗ್ಯಾರೇಜು ಬೆಂಗಳೂರಿನಲ್ಲೇ ಹುಡುಕಬೇಕು, ಜಿಲ್ಲಾ ಕೇಂದ್ರಗಳಲ್ಲಿ ಇನ್ನೂ ಕಷ್ಟ. ವಾರಂಟಿ ಇರಲಿ ಬಿಡಲಿ ನೀವು ಹೇಗಿದ್ದರೂ ಕಂಪನಿ ಸರ್ವಿಸ್‌ಗೇ ಹೋಗುವವರು. ತಂಗಿಯ ಕಾರು ಹಾಗಲ್ಲ. ಆ ಎಂಜಿನ್ ಬಿಚ್ಚಲು ಬರದ ಮೆಕ್ಯಾನಿಕ್ ಕರ್ನಾಟಕದಲ್ಲಿ ಇದ್ದಾನಾ?

ತಂಗಿಗೆ ಈಗ ಬೇಡ ಅಂದೆನಲ್ಲ, ಆ 'ಈಗ' ಮುಖ್ಯ. ಮಾರುತಿ ಸುಜುಕಿ ಮೊದಲು ಕೊಡುತ್ತಿದ್ದದ್ದು 2 ವರ್ಷ ಅಥವಾ 40 ಸಾವಿರ ಕಿ.ಮೀ. 2024ರ ಜುಲೈನಿಂದ ಅದನ್ನು 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿದೆ. ಹಿಂದೆ ಎರಡೇ ವರ್ಷ ಇದ್ದಾಗ ಎಕ್ಸ್‌ಟೆಂಡೆಡ್ ತಗೊಳ್ಳಿ ಅನ್ನುವ ಮಾತಿಗೆ ಒಂದು ಅರ್ಥ ಇತ್ತು. ಈಗ ತಯಾರಿಕೆಯ ದೋಷ ಏನಾದರೂ ಇದ್ದರೆ ಬಹುಪಾಲು ಆ ಮೂರು ವರ್ಷದಲ್ಲೇ ಬಯಲಾಗುತ್ತದೆ. ಅದರ ಮೇಲೆ 4, 5, 6ನೇ ವರ್ಷದವರೆಗೆ ಪ್ಯಾಕೇಜುಗಳಿವೆ, ಕಿಲೋಮೀಟರ್ ಮಿತಿ ಕ್ರಮವಾಗಿ 1.2, 1.4, 1.6 ಲಕ್ಷ. ಇವತ್ತೇ ಕೊಳ್ಳಬೇಕು ಅಂತೇನಿಲ್ಲ, ಮೂಲ ವಾರಂಟಿ ನಡೆಯುತ್ತಿರುವಾಗ ಕೊಳ್ಳಬಹುದು. ತಡ ಮಾಡಿದಷ್ಟೂ ದರ ಏರುತ್ತದೆ ಅನ್ನುವುದು ನಿಜ, ಆದರೆ ಆ ಹೊತ್ತಿಗೆ ಕಾರಿನ ಗುಣ ಗೊತ್ತಾಗಿರುತ್ತದೆ, ಇಟ್ಟುಕೊಳ್ಳುತ್ತಾಳಾ ಮಾರುತ್ತಾಳಾ ಅನ್ನುವುದೂ ಗೊತ್ತಾಗಿರುತ್ತದೆ. ಆ ಮಾಹಿತಿಗೆ ಒಂದೆರಡು ಸಾವಿರ ಜಾಸ್ತಿ ಕೊಟ್ಟರೆ ನಷ್ಟವಿಲ್ಲ. ಕೊಳ್ಳಲು ಕಡೆಯ ದಿನ ಯಾವುದು ಅಂತ ಡೆಲಿವರಿ ದಿನವೇ ಕೇಳಿ ಫೋನಿನಲ್ಲಿ ರಿಮೈಂಡರ್ ಹಾಕಿಕೊಳ್ಳಲಿ.

ಇನ್ನೊಂದು ವಿಷಯ ತಂಗಿಗೆ ಹೇಳಿ. ಸಾಲ ಮಾಡಿ ಕೊಳ್ಳುತ್ತಿದ್ದರೆ, ಕೊಟೇಶನ್‌ನಲ್ಲಿ ಸೇರಿಸಿದ ವಾರಂಟಿಯೂ ಸಾಲದೊಳಗೆ ಸೇರಿಕೊಳ್ಳಬಹುದು. ವಾರಂಟಿ, ಆಕ್ಸೆಸರಿ ಕಿಟ್ ಎಲ್ಲ ಸೇರಿ 30 ಸಾವಿರ 9 ಪರ್ಸೆಂಟ್ ಬಡ್ಡಿಯ 7 ವರ್ಷದ ಸಾಲದಲ್ಲಿ ಕೂತರೆ ಒಟ್ಟು ಕಟ್ಟುವುದು 40 ಸಾವಿರದ ಮೇಲೆ. ತಿಂಗಳಿಗೆ 480 ರೂಪಾಯಿ ಚಿಲ್ಲರೆ ಅಂತ ಕಾಣುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಕೊಟೇಶನ್‌ನಲ್ಲಿ ಎಕ್ಸ್ ಷೋರೂಮ್ ಬೆಲೆ, ರೋಡ್ ಟ್ಯಾಕ್ಸ್, ನೋಂದಣಿ, ಇನ್ಶೂರೆನ್ಸ್, ಫಾಸ್ಟ್ಯಾಗ್ ಬಿಟ್ಟು ಬೇರೆ ಏನೇ ಇದ್ದರೂ ತೆಗೆಸಿ ಅಂತ ಹೇಳುವ ಹಕ್ಕು ಅವಳಿಗಿದೆ. ವಾರಂಟಿ ತಗೊಳ್ಳದಿದ್ದರೆ ಡೆಲಿವರಿ ತಡ ಆಗುತ್ತದೆ ಅಂದರೆ ಮ್ಯಾನೇಜರನ್ನು ಕರೆಸಿ, ಅದನ್ನೇ ಬರೆದುಕೊಡಿ ಅನ್ನಲಿ. ಬರೆದುಕೊಡುವುದಿಲ್ಲ, ಕಾರು ಬರುತ್ತದೆ.

ಈಗ ಆ ಫೋನಿನವರು. 15 ಸಾವಿರಕ್ಕೆ ಅದೇ ವಾರಂಟಿ ಅಂದರಲ್ಲ, ಅದೇ ಆಗಿರಲು ಸಾಧ್ಯವಿಲ್ಲ. ಕಾರು ಕಂಪನಿಗೆ ಸಂಬಂಧವಿಲ್ಲದ ಪ್ಲಾನುಗಳಲ್ಲಿ ಸಾಮಾನ್ಯವಾಗಿ ಹೆಸರಿಸಿದ ಭಾಗಗಳಿಗೆ ಮಾತ್ರ ಕವರ್ ಇರುತ್ತದೆ, ಪಟ್ಟಿಯಲ್ಲಿ ಇಲ್ಲದ್ದು ಇಲ್ಲ. ಒಂದು ಕ್ಲೇಮ್‌ಗೆ ಇಷ್ಟೇ ಅಂತ ಮಿತಿ ಇರುತ್ತದೆ. ಕಿಲೋಮೀಟರ್ ಏರಿದಂತೆ ಬಿಡಿಭಾಗದ ಬೆಲೆಯಲ್ಲಿ ಇಷ್ಟು ಪಾಲು ನಿಮ್ಮದು ಅಂತಲೂ ಇರಬಹುದು. ಮೊದಲು ನೀವೇ ದುಡ್ಡು ಕಟ್ಟಿ ಆಮೇಲೆ ವಾಪಸ್ ಕೇಳಬೇಕಾದ್ದೂ ಉಂಟು. ಎಲ್ಲಾ ಕೆಟ್ಟದ್ದು ಅನ್ನುವುದಿಲ್ಲ, ಕಂಪನಿಯ ವಾರಂಟಿ ಸಿಗದಷ್ಟು ಹಳೆಯ ಕಾರಿಗೆ ಓದಿ ನೋಡಿ ತಗೊಳ್ಳಬಹುದು. ನಿಮಗೆ ಕಂಪನಿಯದ್ದೇ ಸಿಗುತ್ತಿರುವಾಗ ಯಾಕೆ? ಷೋರೂಮಿನಲ್ಲಿ ಕೊಳ್ಳುವಾಗಲೂ ಒಂದು ಕಣ್ಣಿಡಿ. ಸರ್ಟಿಫಿಕೇಟಿನ ಮೇಲೆ ಕಾರು ಕಂಪನಿಯ ಹೆಸರಿದೆಯಾ, ಅಥವಾ ಡೀಲರ್ ಬೇರೆಯವರ ಜೊತೆ ಸೇರಿ ಮಾರುತ್ತಿರುವ ಪ್ಲಾನಾ? ಷೋರೂಮುಗಳು ಮುಚ್ಚುತ್ತವೆ, ಕೈ ಬದಲಾಗುತ್ತವೆ. ಕಂಪನಿಗಳೇ ಹೋಗುತ್ತವೆ ಅನ್ನಿ, ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಆದರೂ ಕಾರು ಇರುವವರಿಗೆ ಸರ್ವಿಸ್, ವಾರಂಟಿ ಕೊಡುತ್ತೇವೆ ಅಂತ ಅವು ಹೇಳಿದವು. ಯಾವುದೋ ಕಾಲ್ ಸೆಂಟರ್‌ನಿಂದ ಅಂಥ ಮಾತು ನಿರೀಕ್ಷಿಸಲು ಆಗುತ್ತದಾ?

ಕ್ಲೇಮ್ ತಿರಸ್ಕರಿಸಿದರೆ ಸುಮ್ಮನೆ ವಾಪಸ್ ಬರಬೇಡಿ. ಯಾವ ಷರತ್ತಿನ ಪ್ರಕಾರ ಇಲ್ಲ ಅನ್ನುತ್ತೀರಿ ಅಂತ ಬರಹದಲ್ಲಿ ಕೇಳಿ. ಅರ್ಧ ಜಗಳ ಇಲ್ಲೇ ಬಗೆಹರಿಯುತ್ತದೆ, ಯಾಕೆಂದರೆ ಬಾಯಲ್ಲಿ ಇಲ್ಲ ಅನ್ನುವುದು ಸುಲಭ, ಸಹಿ ಹಾಕುವುದು ಕಷ್ಟ. ಆಮೇಲೆ ಕಂಪನಿಯ ಕಸ್ಟಮರ್ ಕೇರ್, ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ನೀವು ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ದೂರು ಅಲ್ಲೇ ಕೊಡಬಹುದು, ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು, ವಕೀಲರು ಬೇಕೇಬೇಕು ಅಂತಿಲ್ಲ.

ಹಾಗೆಯೇ ರೀಕಾಲ್ ಬೇರೆ, ವಾರಂಟಿ ಬೇರೆ. ನಿಮ್ಮ ಮಾಡೆಲಿನಲ್ಲಿ ಸುರಕ್ಷತೆಗೆ ಸಂಬಂಧಿಸಿದ ದೋಷ ಅಂತ ಕಂಪನಿಯೇ ಕರೆದರೆ ವಾರಂಟಿ ಮುಗಿದಿದ್ದರೂ ಉಚಿತವಾಗಿ ಸರಿಮಾಡಿಕೊಡುತ್ತಾರೆ. ಕಂಪನಿಯ ವೆಬ್‌ಸೈಟಿನಲ್ಲಿ ಚಾಸಿ ನಂಬರ್ ಹಾಕಿ ಆಗಾಗ ನೋಡುತ್ತಿರಿ, ಫೋನ್ ನಂಬರ್ ಬದಲಾಯಿಸಿದ್ದರೆ ಸರ್ವಿಸ್ ಸೆಂಟರಿಗೆ ತಿಳಿಸಿ.

ನಿಮ್ಮ ಕೈಯಲ್ಲಿ ಇನ್ನೂ ಎರಡು ತಿಂಗಳಿದೆ. ಈ ವಾರವೇ ಇಮೇಲ್ ಹಾಕಿ. ಉತ್ತರ ಬರುವಷ್ಟರಲ್ಲಿ ಕಾರನ್ನು ಒಮ್ಮೆ ಸರ್ವಿಸ್ ಸೆಂಟರಿಗೆ ಬಿಟ್ಟು, ನಿಮಗೆ ಅನುಮಾನ ಇರುವುದನ್ನೆಲ್ಲ ಹೇಳಿ: ಮೊದಲ ಗೇರಿನಿಂದ ಎರಡನೆಯದಕ್ಕೆ ಹೋಗುವಾಗ ಜರ್ಕ್ ಹೊಡೆಯುತ್ತದಾ, ರಿವರ್ಸ್ ಹಾಕಿದರೆ ಅದುರುತ್ತದಾ, ಸ್ಟೀರಿಂಗ್ ತಿರುಗಿಸಿದರೆ ಟಕ್ ಅನ್ನುತ್ತದಾ, ಎಸಿ ಮಧ್ಯಾಹ್ನದ ಹೊತ್ತು ಸೋಲುತ್ತದಾ. ಅಡ್ವೈಸರ್ ಟೆಸ್ಟ್ ಡ್ರೈವ್ ಮಾಡಿ, ಎಲ್ಲಾ ನಾರ್ಮಲ್ ಸರ್ ಅಂದರೂ ಬಿಡಬೇಡಿ, ನೀವು ಹೇಳಿದ್ದನ್ನು ನೀವು ಹೇಳಿದ ಹಾಗೆಯೇ ಜಾಬ್ ಕಾರ್ಡಿನಲ್ಲಿ ಬರೆಸಿ, ದಿನಾಂಕ, ಕಿಲೋಮೀಟರ್ ಸಮೇತ ನಕಲು ಇಸಿದುಕೊಳ್ಳಿ. ಮೂಲ ವಾರಂಟಿ ಇರುವಾಗಲೇ ದೂರು ದಾಖಲಾಗಿದ್ದರೆ, ಅದೇ ತೊಂದರೆ ಮುಂದೆ ದೊಡ್ಡದಾದಾಗ ಕೇಳಲು ನಿಮಗೆ ಬಾಯಿ ಇರುತ್ತದೆ, ಎಕ್ಸ್‌ಟೆಂಡೆಡ್ ತಗೊಂಡಿದ್ದರೂ ಸರಿ, ತಗೊಳ್ಳದಿದ್ದರೂ ಸರಿ.